‘ಖಾಲಿ ಜಾಗ’ ಅನ್ನುವ ಮುಂಚೆ: ಮಲೆನಾಡಿನ ಊರೊಂದು ತನ್ನ ನೆಲದ ಲೆಕ್ಕ ಹಾಕುವುದು ಹೇಗೆ

ಮೂರು ವರ್ಷದ ಹಿಂದೆ ನಮ್ಮ ಊರಿಗೆ ಕಸ ವಿಲೇವಾರಿ ಘಟಕ ಮಂಜೂರಾಯಿತು. ಇಪ್ಪತ್ತು ಗುಂಟೆ ಜಾಗ ಬೇಕು ಅಂದರು. ‘ಮೇಲಿನ ಬ್ಯಾಣ ಖಾಲಿ ಬಿದ್ದಿದೆಯಲ್ಲ, ಸರ್ಕಾರಿ ಜಾಗ, ಅಲ್ಲೇ ಮಾಡಿ’ ಅಂತ ಹತ್ತು ನಿಮಿಷದಲ್ಲಿ ತೀರ್ಮಾನ ಆಯಿತು. ಬ್ಯಾಣ ಅಂದರೆ ಗುಡ್ಡದ ಮೇಲಿನ ಹುಲ್ಲುಗಾವಲು. ಸಭೆಯಲ್ಲಿ ನಾನೂ ಇದ್ದೆ, ನಾನೂ ಆಗಲಿ ಅಂದೆ. ಮಾರನೇ ದಿನ ಆ ಕಡೆ ದನ ಹೊಡೆದುಕೊಂಡು ಹೋಗುವ ಅಕ್ಕ ಒಬ್ಬರು ಮನೆಗೆ ಬಂದು ಕೇಳಿದರು: ‘ತಮಾ, ನಮ್ಮ ಅಬ್ಬಿ ಹುಟ್ಟೋದು ಆ ಬ್ಯಾಣದ ಬುಡದಲ್ಲೇ ಅಲ್ವಾ?’

ಹೌದು, ಅಲ್ಲೇ. ಆ ಅಬ್ಬಿಯ, ಅಂದರೆ ಗುಡ್ಡದ ಒರತೆಯ ನೀರು ಮೊದಲು ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ ಹನ್ನೊಂದು ಮನೆಗೆ ಹೋಗುತ್ತದೆ. ಸಭೆಯಲ್ಲಿ ಕೂತಿದ್ದವರಿಗೆಲ್ಲ ಇದು ಗೊತ್ತಿತ್ತು. ಆದರೆ ‘ಖಾಲಿ ಜಾಗ’ ಅನ್ನುವ ಮಾತು ಬಂದ ಕೂಡಲೇ ಯಾರಿಗೂ ನೆನಪಾಗಲಿಲ್ಲ.

ಅವತ್ತಿನಿಂದ ನಾವು ಊರಿನ ನೆಲದ ಲೆಕ್ಕ ಬರೆಯಲು ಶುರು ಮಾಡಿದೆವು. ಯಾವ ತುಂಡು ನೆಲ ಈಗ ಯಾರಿಗೆ ಏನು ಕೆಲಸ ಮಾಡಿಕೊಡುತ್ತಿದೆ, ಅಷ್ಟೇ. ಇದನ್ನು ನೀವೂ ಮಾಡಬಹುದು. ಇಂಜಿನಿಯರ್ ಬೇಡ, ದುಡ್ಡೂ ಜಾಸ್ತಿ ಬೇಡ. ಒಂದು ಬೇಸಿಗೆ, ಒಂದು ಮಳೆಗಾಲ, ಆರೇಳು ಜನ ಬೇಕು. ಮಾಡಿದ ರೀತಿ ಹೇಳುತ್ತೇನೆ.

ಮೊದಲು ಕಾಗದ

ಗ್ರಾಮ ನಕ್ಷೆ ತೆಗೆದುಕೊಳ್ಳಿ. ಸರ್ವೆ ಇಲಾಖೆಯಲ್ಲಿ ಸಿಗುತ್ತದೆ, ಆನ್‌ಲೈನಿನಲ್ಲೂ ಇದೆ. ಅದನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ಎರಡು ಪ್ರತಿ ಇರಲಿ, ಒಂದು ಮಳೆಯಲ್ಲಿ ನೆನೆಯುವುದು ಖಂಡಿತ. ಆಮೇಲೆ ಊರಿನ ಸರ್ಕಾರಿ ಸರ್ವೆ ನಂಬರುಗಳ ಪಹಣಿ ತೆಗೆಯಿರಿ. ಕಾಲಂ 9ರಲ್ಲಿ ಒಡೆತನ ಯಾರದು ಅಂತ ಇರುತ್ತದೆ, ಕಾಲಂ 11ರಲ್ಲಿ ಹಕ್ಕು, ಋಣ ಇತ್ಯಾದಿ. ಖರಾಬು ಎಷ್ಟು ಅನ್ನುವುದನ್ನೂ ನೋಡಿ. ಎ ಖರಾಬು ಅಂದರೆ ಬಂಡೆ, ಸಾಗುವಳಿಗೆ ಬಾರದ ಜಾಗ. ಬಿ ಖರಾಬು ಅಂದರೆ ದಾರಿ, ಹಳ್ಳ, ಕೆರೆ, ಅಂದರೆ ಎಲ್ಲರದ್ದು. ಖಾಸಗಿ ನಂಬರಿನ ಒಳಗೇ ಹಾದುಹೋಗುವ ಸಣ್ಣ ಹಳ್ಳಗಳು ಬಿ ಖರಾಬಿನಲ್ಲಿ ಇರುತ್ತವೆ. ಜೆಸಿಬಿ ಬಂದು ಜಾಗ ಸಮ ಮಾಡುವಾಗ ಮೊದಲು ಮಾಯವಾಗುವುದು ಅವೇ, ಹಾಗಾಗಿ ಅವನ್ನು ನೀಲಿ ಪೆನ್ನಿನಲ್ಲಿ ದಪ್ಪಗೆ ತಿದ್ದಿ.

ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ದಟ್ಟ ಮರಗಳ ಕಾನು ಇವೆಲ್ಲ ನಮ್ಮಲ್ಲಿ ಬೇರೆಯೇ ತರಹ. ನೆಲ ಸರ್ಕಾರದ್ದು, ಸೊಪ್ಪು, ದರಕಿನ (ಒಣ ಎಲೆಯ) ಅನುಕೂಲ ತೋಟದವರದ್ದು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 79ನೇ ಸೆಕ್ಷನ್ನಿನಲ್ಲಿ ಕುಮ್ಕಿ, ಬಾಣೆ, ಕಾನು, ಸೊಪ್ಪಿನ ಬೆಟ್ಟ ಇಂಥ ಅನುಕೂಲದ ನೆಲಗಳ ಮಾತು ಬರುತ್ತದೆ. ಅನುಕೂಲ ಇದೆ ಅಂತ ಬೆಟ್ಟ ಕಡಿದು ತೋಟ ಮಾಡಲು ಬರುವುದಿಲ್ಲ. ಹಾಗೆಯೇ ‘ಸರ್ಕಾರದ್ದು’ ಅಂತ ಇದ್ದ ಮಾತ್ರಕ್ಕೆ ಅದರ ಮೇಲೆ ಯಾರ ಬಾಳೂ ನಿಂತಿಲ್ಲ ಅಂತಲ್ಲ.

ಇನ್ನೊಂದು ಎಚ್ಚರ ಬೇಕು. ಕಂದಾಯದವರ ಪುಸ್ತಕದಲ್ಲಿ ಗೋಮಾಳ ಅಂತ ಇರುವ ನಂಬರು ಅರಣ್ಯದವರ ಪುಸ್ತಕದಲ್ಲಿ ಕಾಡು ಅಂತ ಇರಬಹುದು. ಇದು ಮಲೆನಾಡಿನಲ್ಲಿ ತೀರಾ ಸಾಮಾನ್ಯ. ಕರ್ನಾಟಕ ಅರಣ್ಯ ಕಾಯ್ದೆ 1963ರಲ್ಲಿ ಸೆಕ್ಷನ್ 4 ಅಂದರೆ ಮೀಸಲು ಅರಣ್ಯ ಮಾಡುತ್ತೇವೆ ಅಂತ ಹೊರಡಿಸಿದ ಪ್ರಕಟಣೆ, ಸೆಕ್ಷನ್ 17 ಅಂದರೆ ಮಾಡಿ ಮುಗಿಸಿದ ಅಂತಿಮ ಪ್ರಕಟಣೆ. ಎರಡೂ ಕಚೇರಿಯಲ್ಲಿ ಕೇಳಿ, ಎರಡೂ ಉತ್ತರ ಬರೆದುಕೊಳ್ಳಿ. ಯಾರು ಸರಿ ಅಂತ ನೀವು ತೀರ್ಪು ಕೊಡಬೇಕಾಗಿಲ್ಲ. ಆ ಜಾಗದ ಮೇಲೆ ತಕರಾರು ಇದೆ ಅಂತ ಗುರುತು ಹಾಕಿದರೆ ಸಾಕು.

ದಿಶಾಂಕ್ ಆ್ಯಪ್ ಇದ್ದರೆ ನಿಂತಲ್ಲೇ ಸರ್ವೆ ನಂಬರು ತೋರಿಸುತ್ತದೆ. ತಿರುಗಾಟಕ್ಕೆ ಬಹಳ ಒಳ್ಳೆಯದು. ಆದರೆ ಕೆಲವು ಮೀಟರ್ ಆಚೀಚೆ ಆಗುತ್ತದೆ, ಮರಗಳ ಅಡಿಯಲ್ಲಿ ಇನ್ನೂ ಜಾಸ್ತಿ. ಅದನ್ನು ಹಿಡಿದು ಪಕ್ಕದವರ ಬೇಲಿ ಜಗಳಕ್ಕೆ ಹೋಗಬೇಡಿ. ಗಡಿ ಬೇಕಾದರೆ ಸರ್ವೆಯವರೇ ಬಂದು ಅಳೆಯಬೇಕು.

ಎರಡು ಸಲ ನಡೆಯಬೇಕು

ನಕ್ಷೆಯಲ್ಲಿ ಇರುವುದು ಗೆರೆ ಮಾತ್ರ. ನೆಲದ ಕೆಲಸ ಗೊತ್ತಾಗುವುದು ನಡೆದಾಗ. ಒಂದು ಸಲ ಯುಗಾದಿ ಕಳೆದ ಮೇಲೆ, ಉರಿ ಬೇಸಿಗೆಯಲ್ಲಿ. ಆಗಲೂ ಎಲ್ಲಿ ನೀರು ಇದೆ ಅಂತ ನೋಡಲು. ಇನ್ನೊಂದು ಸಲ ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ. ನೀರು ಎಲ್ಲಿಂದ ಹೊರಟು ಎಲ್ಲಿ ನುಗ್ಗುತ್ತದೆ, ಯಾವ ಧರೆ (ಕಡಿದಾದ ಮಣ್ಣಿನ ದಿಬ್ಬ) ಬಿರುಕು ಬಿಟ್ಟಿದೆ ಅಂತ ನೋಡಲು. ಎರಡನೆಯದು ಕಷ್ಟ. ಕಂಬಳಿಕೊಪ್ಪೆಯೋ ರೇನ್‌ಕೋಟೋ ಹಾಕಿಕೊಂಡು, ಉಂಬಳ (ಜಿಗಣೆ) ಹತ್ತದ ಹಾಗೆ ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡು ಹೋಗಬೇಕು. ಆದರೂ ತಪ್ಪಿಸಬೇಡಿ.

ಗುಡ್ಡದ ನೆತ್ತಿಯಿಂದ ಶುರು ಮಾಡಿ ಕೆಳಗೆ ಇಳಿಯಿರಿ. ಬ್ಯಾಣ, ಬೆಟ್ಟ, ಕಾನು, ಮನೆ, ತೋಟ, ಮಕ್ಕಿ ಗದ್ದೆ, ಬಯಲು ಗದ್ದೆ, ಹಳ್ಳ. ನೀರು ಇಳಿಯುವುದೂ ಹೀಗೇ, ಅಲ್ವಾ? ಹಿರಿಯರು ಊರು ಕಟ್ಟಿದ್ದೂ ಈ ಸಾಲಿನಲ್ಲೇ. ಮೇಲೆ ನೀರು ಇಂಗಲು ಹುಲ್ಲು ಮತ್ತು ಮರ, ಕೆಳಗೆ ತಂಪಿನಲ್ಲಿ ತೋಟ, ಅದರ ಕೆಳಗೆ ಗದ್ದೆ.

ಯಾರನ್ನು ಕರೆದುಕೊಂಡು ಹೋಗಬೇಕು ಅನ್ನುವುದು ಬಹಳ ಮುಖ್ಯ. ದನ ಕಾಯುವವರು ಬರಲೇಬೇಕು. ದರಕು ಗುಡಿಸುವ ಹೆಂಗಸರು, ಬಾವಿ ತೆಗೆಯುವವರು, ಜೇನು ಕೀಳುವವರು, ಕೊನೆ ಕೊಯ್ಯುವವರು ಬರಬೇಕು. ಸಭೆಯಲ್ಲಿ ಇವರು ಹೆಚ್ಚು ಮಾತಾಡುವುದಿಲ್ಲ. ಗುಡ್ಡದ ಮೇಲೆ ನಿಂತರೆ ಇವರ ಹತ್ತಿರ ಇರುವಷ್ಟು ಮಾಹಿತಿ ಯಾವ ಕಚೇರಿಯಲ್ಲೂ ಇಲ್ಲ. ನಮ್ಮ ಜೊತೆ ಬಂದ ಅಜ್ಜ ಒಬ್ಬರು ಮಟ್ಟಿ ಬೆಳೆದ ಜಾಗ ತೋರಿಸಿ, ‘ಇಲ್ಲಿ ಒಂದು ಕೆರೆ ಇತ್ತು ಮಾರಾಯ, ಹೂಳು ತುಂಬಿ ಮುಚ್ಚಿಹೋಗಿದೆ’ ಅಂದರು. ಕಾಲಲ್ಲಿ ತರಗು ಸರಿಸಿದರೆ ಕಲ್ಲು ಕಟ್ಟಿದ ಏರಿ ಇನ್ನೂ ಇತ್ತು.

ಪ್ರತಿ ಜಾಗದಲ್ಲೂ ನಿಂತು ನಾಲ್ಕು ಮಾತು ಕೇಳಿ. ಇಲ್ಲಿಂದ ಯಾರು ಏನು ತರುತ್ತಾರೆ? ಯಾವ ತಿಂಗಳಲ್ಲಿ? ಇದು ಇಲ್ಲದೆ ಹೋದರೆ ಅವರು ಎಲ್ಲಿಗೆ ಹೋಗಬೇಕು? ಇಲ್ಲಿಯ ನೀರು ಯಾರ ಮನೆ ಕಡೆ ಇಳಿಯುತ್ತದೆ? ಪಾಳು ಅಂತ ಬರೆದ ಜಾಗದಲ್ಲೂ ಈ ನಾಲ್ಕು ಪ್ರಶ್ನೆಗೆ ನಮಗೆ ಉತ್ತರ ಸಿಕ್ಕಿತು. ಚೌಡಿ ಬನ, ನಾಗರ ಬನ, ಸ್ಮಶಾನ, ಶಾಲೆ ಮಕ್ಕಳ ನಡೆದಾರಿ, ಕಾಡುಕೋಣ ದಾಟುವ ಜಾಡು ಎಲ್ಲವೂ ನಕ್ಷೆಗೆ ಬರಲಿ.

ಬೇಡಿಕೆಗಳನ್ನು ತೂಗುವುದು

ಈಗ ಕಷ್ಟದ ಭಾಗ. ನೆಲ ಇದ್ದಷ್ಟೇ ಇದೆ, ಕೇಳುವವರು ಮಾತ್ರ ಹೆಚ್ಚಾಗುತ್ತಿದ್ದಾರೆ. ಸೈಟು ಇಲ್ಲದವರಿಗೆ ಸೈಟು ಬೇಕು. ತೋಟ ವಿಸ್ತರಿಸುವವರಿಗೆ ನೆಲ ಬೇಕು. ಹೋಂಸ್ಟೇ ಮಾಡುವವರಿಗೆ ಒಳ್ಳೆಯ ನೋಟ ಸಿಗುವ ಗುಡ್ಡ ಬೇಕು. ಜಂಬಿಟ್ಟಿಗೆ (ಕೆಂಪು ಕಲ್ಲು) ಕ್ವಾರಿಯವರಿಗೆ, ಆಟದ ಬಯಲಿಗೆ, ವಿದ್ಯುತ್ ಲೈನಿಗೆ ಎಲ್ಲದಕ್ಕೂ ಜಾಗ ಬೇಕು. ಸುಮ್ನೆ ‘ಅಭಿವೃದ್ಧಿ ಬೇಡ’ ಅಂದರೆ ಯಾರಿಗೂ ಒಳ್ಳೆಯದಾಗುವುದಿಲ್ಲ. ‘ಎಲ್ಲಾ ಬರಲಿ’ ಅಂದರೂ ಅಷ್ಟೇ.

ನಾವು ಬಳಸಿದ ಮೊದಲ ಅಳತೆ ಇದು: ಜಾಗ ಬದಲಿಸಲು ಬಾರದ ಬಳಕೆಗೆ ಮೊದಲ ಮಣೆ. ಒರತೆಯನ್ನು ಕಿತ್ತು ಬೇರೆ ಕಡೆ ಇಡಲು ಆಗುವುದಿಲ್ಲ. ಬನವನ್ನು, ಸ್ಮಶಾನವನ್ನು ಸರಿಸುವುದು ಕಷ್ಟ. ಕಸದ ಘಟಕ, ಗೋದಾಮು, ಹೋಂಸ್ಟೇ ಇವು ಇಲ್ಲಲ್ಲದಿದ್ದರೆ ಅಲ್ಲಿ ಆಗುತ್ತವೆ. ಹಾಗಾಗಿ ಒರತೆ, ಅದರ ಮೇಲಿನ ಇಳಿಜಾರು, ಹಳ್ಳದ ಎರಡೂ ದಡ, ಕೆರೆಯ ಏರಿ ಇವನ್ನು ಮೊದಲು ಗೆರೆ ಹಾಕಿ ಎತ್ತಿಡಿ. ಉಳಿದದ್ದರಲ್ಲಿ ಮಾತುಕತೆ.

ಎರಡನೆಯದು, ತಿರುಗಿ ಸರಿಮಾಡಲು ಬರುತ್ತದೆಯೇ ಅನ್ನುವುದು. ಹುಲ್ಲು ಇದ್ದಲ್ಲಿ ಗೇರು ನೆಟ್ಟರೆ ನಾಳೆ ಬೇಡವಾದರೆ ತೆಗೆಯಬಹುದು. ಜಂಬಿಟ್ಟಿಗೆ ಕಡಿದ ಹೊಂಡ ಮತ್ತೆ ಗುಡ್ಡ ಆಗುವುದಿಲ್ಲ. ಸರಿಮಾಡಲು ಬಾರದ ಕೆಲಸಕ್ಕೆ ಒಪ್ಪಿಗೆ ಕೊಡುವ ಮುಂಚೆ ಎರಡು ಸಭೆ ಆಗಲಿ, ಮಧ್ಯೆ ಒಂದು ತಿಂಗಳು ಕಳೆಯಲಿ.

ಗದ್ದೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಇದರ ಲೆಕ್ಕ ಯಾರೂ ಹಾಕುವುದಿಲ್ಲ. ಶಿವಮೊಗ್ಗ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಗದ್ದೆಗಳು ಅಡಿಕೆ ತೋಟ ಆಗುತ್ತಿವೆ. ಮಾಡುವವರನ್ನು ಬೈಯುವುದು ತಪ್ಪು. ನಟ್ಟಿಗೆ ಆಳು ಸಿಗುವುದಿಲ್ಲ, ಭತ್ತಕ್ಕೆ ರೇಟಿಲ್ಲ, ಮಂಗ ಹಂದಿ ಬಿಡುವುದಿಲ್ಲ. ಆದರೆ ಗದ್ದೆ ಬರೀ ಅಕ್ಕಿ ಕೊಡುವುದಲ್ಲ. ಒಂದು ಎಕರೆ ಗದ್ದೆಯಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಅದು 4 ಲಕ್ಷ ಲೀಟರ್. ಹತ್ತು ಎಕರೆ ಬಯಲು ಅಂದರೆ 40 ಲಕ್ಷ ಲೀಟರ್ ಹಿಡಿಯುವ ಕೆರೆ, ಮಳೆಗಾಲ ಪೂರ್ತಿ ಮತ್ತೆ ಮತ್ತೆ ತುಂಬಿ ನಿಧಾನಕ್ಕೆ ಇಂಗುವ ಕೆರೆ. ತೋಟ ಮಾಡಿದರೆ ಅದೇ ನೀರನ್ನು ಕಾದಿಗೆ, ಅಂದರೆ ಬಸಿಗಾಲುವೆ ತೆಗೆದು ಬೇಗ ಹೊರಗೆ ಬಿಡಬೇಕು, ಇಲ್ಲದಿದ್ದರೆ ಸಸಿ ಕೊಳೆಯುತ್ತದೆ. ಆಗ ಕೆಳಗಿನವರಿಗೆ ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬಾವಿ ಒಣಗುವುದು. ಬೇಸಿಗೆಯಲ್ಲಿ ಹೊಸ ತೋಟಕ್ಕೆ ನೀರೂ ಬೇಕು, ಅದು ಬೋರ್‌ವೆಲ್ಲಿನಿಂದ ಬರಬೇಕು.

ಹಾಗಾದರೆ ಏನು ಮಾಡುವುದು? ನಮ್ಮಲ್ಲಿ ಆದ ಒಪ್ಪಂದ ಹೇಳುತ್ತೇನೆ. ಹಳ್ಳದ ಪಕ್ಕದ, ನೀರು ನಿಲ್ಲುವ ಬಯಲು ಗದ್ದೆ ಗದ್ದೆಯಾಗಿಯೇ ಇರಲಿ. ಮೇಲಿನ ಮಕ್ಕಿ ಗದ್ದೆಯಲ್ಲಿ ತೋಟ ಮಾಡುವವರು ಮಾಡಲಿ, ಆದರೆ ಕಾದಿಗೆಯ ನೀರನ್ನು ನೇರ ಹಳ್ಳಕ್ಕೆ ಬಿಡದೆ ಇಂಗುಗುಂಡಿಗೆ ತಿರುಗಿಸಲಿ. ಬಯಲು ಗದ್ದೆ ಉಳಿಸಿಕೊಂಡವರಿಗೆ ನಟ್ಟಿಯಲ್ಲಿ ಮುಯ್ಯಾಳಿನ, ಅಂದರೆ ಕೂಲಿ ಇಲ್ಲದೆ ಒಬ್ಬರಿಗೊಬ್ಬರು ದುಡಿಯುವ ಸಹಾಯ ಮಾಡುವುದು. ಒಬ್ಬರು ಒಪ್ಪಲಿಲ್ಲ, ಅವರ ಸ್ವಂತ ಜಮೀನು, ಒತ್ತಾಯ ಮಾಡಲಿಲ್ಲ. ಉಳಿದವರು ಇವತ್ತಿಗೂ ನಡೆಸಿಕೊಂಡು ಬಂದಿದ್ದಾರೆ.

ಗೋಮಾಳದ ಲೆಕ್ಕದಲ್ಲೂ ಒಂದು ಗುಂಡಿ ಇದೆ. ಕರ್ನಾಟಕ ಭೂಕಂದಾಯ ನಿಯಮ 97ರ ಪ್ರಕಾರ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಮಲೆನಾಡ ಗಿಡ್ಡ ತಳಿಯ ದನ ಕಟ್ಟುವ ಮನೆಗಳು ಈಗ ಕಡಿಮೆ. ದನ ಕಡಿಮೆಯಾದ ಹಾಗೆ ಕಾಗದದಲ್ಲಿ ಗೋಮಾಳ ‘ಹೆಚ್ಚುವರಿ’ ಅಂತ ಕಾಣಲು ಶುರುವಾಗುತ್ತದೆ, ‘ಕೊಟ್ಟುಬಿಡಬಹುದು’ ಅನ್ನುವ ಟಿಪ್ಪಣಿ ಬರುತ್ತದೆ. ಆದರೆ ಆ ಬ್ಯಾಣ ದನಕ್ಕೆ ಮಾತ್ರ ಇರಲಿಲ್ಲ. ಕರಡ (ಒಣ ಹುಲ್ಲು) ಕೊಯ್ಯಲು, ನೀರು ಇಂಗಲು, ಹುಡುಗರು ಕ್ರಿಕೆಟ್ ಆಡಲು ಇತ್ತು. ದನದ ಲೆಕ್ಕದ ಪಕ್ಕ ಈ ಬಳಕೆಗಳನ್ನೂ ಬರೆದು ಇಟ್ಟುಕೊಂಡರೆ ಮಾತ್ರ ನಾಳೆ ವಾದಕ್ಕೆ ಬಲ ಬರುತ್ತದೆ.

‘ಪಾಳು’ ಅನ್ನುವ ಪದದಿಂದ ಏನಾಗುತ್ತದೆ ಅಂತ ನಮ್ಮ ಜಿಲ್ಲೆ ಒಂದು ಸಲ ನೋಡಿದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ತಿರುಳಿನ ಮರ ಬೇಕು ಅಂತ ಸಾವಿರಾರು ಹೆಕ್ಟೇರ್ ನೆಲ ಗುತ್ತಿಗೆಗೆ ಹೋಯಿತು, ಅಕೇಶಿಯಾ, ನೀಲಗಿರಿ ಬಂತು. ನಲವತ್ತು ವರ್ಷದ ಆ ಗುತ್ತಿಗೆ 2020ಕ್ಕೆ ಮುಗಿದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಅಂತ ಜನ ಎದ್ದು ನಿಂತರು. ನಿಮ್ಮ ಊರಲ್ಲಿ ಅಂಥ ನೆಡುತೋಪು ಇದ್ದರೆ ಅದಕ್ಕೂ ಮುಂಚೆ ಅಲ್ಲಿ ಏನಿತ್ತು ಅಂತ ಅರವತ್ತು ದಾಟಿದವರನ್ನು ಕೇಳಿ ಈಗಲೇ ಬರೆದುಕೊಳ್ಳಿ.

ಸೈಟಿನ ವಿಷಯ. ಇದನ್ನು ಕೊನೆಗೆ ತಳ್ಳಬೇಡಿ. ಬಡವರಿಗೆ ಸೈಟು ಅಂದಾಗ ಎಲ್ಲ ಹಂಚಿ ಮುಗಿದ ಮೇಲೆ ಉಳಿದ ಕಡಿದಾದ ಧರೆಯನ್ನು ತೋರಿಸುವುದು ನಡೆದುಕೊಂಡು ಬಂದಿದೆ. ಧರೆ ಕಡಿದು ಮನೆ ಕಟ್ಟುತ್ತಾರೆ, ಮಳೆಗಾಲದಲ್ಲಿ ಹಿಂದಿನ ಗೋಡೆಯ ಮೇಲೆ ಮಣ್ಣು ಬರುತ್ತದೆ. ಸೈಟಿಗೆ ಸಮತಟ್ಟು ನೆಲ, ರಸ್ತೆ, ನೀರು ಹತ್ತಿರ ಇರುವ ಜಾಗವನ್ನೇ ಎತ್ತಿಡಿ. ನೆಲದ ಗಾಯ ನಮ್ಮ ಕಡೆ ಹಳೆಯದು. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲ್ಲೂಕಿನಲ್ಲೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಕಣಿವೆ ಮುಳುಗಿತು. ಊರು ಬಿಟ್ಟು ಬಂದು ಕಾಡಂಚಿನಲ್ಲಿ ನೆಲೆ ನಿಂತ ಎಷ್ಟೋ ಮನೆಯವರಿಗೆ ಅರವತ್ತು ವರ್ಷ ಆದರೂ ಕೈಯಲ್ಲಿ ಹಕ್ಕುಪತ್ರ ಇಲ್ಲ. ಹಾಗಾಗಿ ಕಾಗದ ಇಲ್ಲದವರ ಬಳಕೆಯನ್ನೂ ನಿಮ್ಮ ಲೆಕ್ಕದಲ್ಲಿ ಬರೆಯಿರಿ. ಅವರ ಹೆಸರಿನ ಮುಂದೆ ‘ಒತ್ತುವರಿ’ ಅಂತ ಬರೆಯಬೇಡಿ. ಎಷ್ಟು ವರ್ಷದಿಂದ, ಏನು ಬೆಳೆ, ಅಷ್ಟು ಸಾಕು.

ಹೋಂಸ್ಟೇಗೆ ಒಂದೇ ಪ್ರಶ್ನೆ: ಏಪ್ರಿಲ್ ಮೇ ತಿಂಗಳಲ್ಲಿ ನೀರು ಎಲ್ಲಿಂದ? ರಜೆ ಅಂತ ಜನ ಜಾಸ್ತಿ ಬರುವುದೂ ಆಗಲೇ, ಬಾವಿ ತಳ ಕಾಣುವುದೂ ಆಗಲೇ. 2025ರಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಿದೆ. ತುಮರಿ ಕಡೆಯವರು ಲಾಂಚಿಗೆ ಕಾಯುವುದು ತಪ್ಪಿತು, ಬಹಳ ಸಂತೋಷ. ಅದರ ಜೊತೆ ಜಾಗ ಕೇಳುವವರೂ ಬರುತ್ತಾರೆ. ಆ ಭಾಗದ ಊರಿನವರು ಲೆಕ್ಕ ಹಾಕಲು ತಡ ಮಾಡಬೇಡಿ.

ಸಭೆ ಹೇಗೆ ನಡೆಸಬೇಕು

ದೊಡ್ಡ ಮನೆಯ ಜಗಲಿಯಲ್ಲಿ ಬೇಡ. ಶಾಲೆಯಲ್ಲೋ ಅಂಗನವಾಡಿಯಲ್ಲೋ ಸೇರಿ. ಅಡಿಕೆ ಕೊಯ್ಲು, ನಟ್ಟಿ ಇರುವ ತಿಂಗಳು ಬಿಡಿ. ಹೆಂಗಸರ ಸಭೆ ಬೇರೆ ಮಾಡಿ, ಮೊದಲು ಅದೇ ಆಗಲಿ. ನೀರು, ಸೌದೆ, ದರಕು ತರುವವರು ಅವರು. ನಕ್ಷೆಯನ್ನು ನೆಲದ ಮೇಲೆ ಹಾಸಿ, ಎಲ್ಲರೂ ಸುತ್ತ ಕೂತುಕೊಳ್ಳಿ. ಕಡಿಮೆ ಜಮೀನು ಇರುವವರು ಮೊದಲು ಮಾತಾಡಲಿ, ದೊಡ್ಡ ಹಿಡುವಳಿಯವರು ಕೊನೆಗೆ. ನಮ್ಮಲ್ಲಿ ಹಿರಿಯರೊಬ್ಬರು ಇದಕ್ಕೆ ಬೇಸರ ಮಾಡಿಕೊಂಡರು. ‘ಭಟ್ರೇ, ನಿಮ್ಮ ಮಾತು ಬಂದ ಮೇಲೆ ಬೇರೆಯವರು ಬಾಯಿ ಬಿಡಲ್ಲ, ಅದಕ್ಕೇ’ ಅಂತ ಹೇಳಿದೆವು, ಒಪ್ಪಿಕೊಂಡರು.

ಹಳೆಯ ಒತ್ತುವರಿಯನ್ನು ಮೊದಲ ಸಭೆಯಲ್ಲಿ ಎತ್ತಬೇಡಿ. ಬಹಳ ಮನೆಯವರದ್ದು ಒಂದಷ್ಟು ಗುಂಟೆ ಹೆಚ್ಚುಕಮ್ಮಿ ಇರುತ್ತದೆ. ಅದನ್ನು ಕೆದಕಿದರೆ ಸಭೆ ಅಲ್ಲಿಗೇ ಮುಗಿಯಿತು. ಇವತ್ತಿನ ಗೆರೆ ಇದು, ಇದರಿಂದ ಆಚೆ ಯಾರೂ ಬೇಲಿ ಸರಿಸುವುದು ಬೇಡ, ಅಷ್ಟಕ್ಕೆ ಒಪ್ಪಿಗೆ ಮಾಡಿಸಿ.

ಒಪ್ಪಿಕೊಂಡದ್ದನ್ನು ವಾರ್ಡ್ ಸಭೆಗೆ, ಅಲ್ಲಿಂದ ಗ್ರಾಮ ಸಭೆಗೆ ತನ್ನಿ. ನಡಾವಳಿ ಪುಸ್ತಕದಲ್ಲಿ ಸರ್ವೆ ನಂಬರ್ ಸಮೇತ ಬರೆಸಿ. ‘ಚರ್ಚಿಸಲಾಯಿತು’ ಅಂತ ಬರೆದರೆ ಪ್ರಯೋಜನ ಇಲ್ಲ, ‘ಈ ನಂಬರಿನ ಇಷ್ಟು ಎಕರೆಯನ್ನು ಒರತೆಯ ರಕ್ಷಣೆಗೆ ಉಳಿಸಿಕೊಳ್ಳಲು ತೀರ್ಮಾನಿಸಲಾಯಿತು’ ಅಂತ ಇರಬೇಕು. ಎದ್ದು ಹೋಗುವ ಮುಂಚೆ ಗಟ್ಟಿಯಾಗಿ ಓದಿಸಿ, ಸಹಿ ಹಾಕಿಸಿ, ಪ್ರತಿ ತೆಗೆದುಕೊಳ್ಳಿ.

ಗ್ರಾಮ ಸಭೆಗೆ ಎಲ್ಲ ಅಧಿಕಾರ ಇಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು) ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ನಿನಲ್ಲಿ ಜಿಲ್ಲಾಧಿಕಾರಿ ಮಟ್ಟದ ಕೆಲಸ. ಆದರೆ ಕೆಲವು ಕಡೆ ಸಭೆಯ ಮಾತಿಗೆ ಕಾನೂನಿನ ಬಲ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಶಾಲೆ, ಅಂಗನವಾಡಿ, ನೀರಿನ ಪೈಪು, ರಸ್ತೆ ಇಂಥದ್ದಕ್ಕೆ 1 ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮ ಸಭೆ ಶಿಫಾರಸು ಮಾಡಿದರೆ ಸಿಗಲು ಅವಕಾಶ ಇದೆ. ಊರಿನ ಸಮುದಾಯ ಹಕ್ಕಿಗೆ ಅದೇ ಕಾಯ್ದೆಯಲ್ಲಿ ನಮೂನೆ ‘ಬಿ’, ಸಮುದಾಯದ ಅರಣ್ಯ ಸಂಪನ್ಮೂಲಕ್ಕೆ ನಮೂನೆ ‘ಸಿ’. ನಿಮ್ಮ ನಡಿಗೆಯ ಟಿಪ್ಪಣಿ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ದಾಖಲಾತಿ ಪುಸ್ತಕ ಇರಬೇಕು. ಅದನ್ನು ಕೇಳಿ ಪಡೆದು ಬನ, ಒರತೆ, ಕಾನುಗಳನ್ನು ಅದಕ್ಕೂ ಸೇರಿಸಿ.

ಶಿವಮೊಗ್ಗ, ಭದ್ರಾವತಿ ಸುತ್ತಲಿನ ಊರಿನವರಿಗೆ ಇನ್ನೊಂದು ಮಾತು. ನೀವು ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಇದ್ದರೆ ಮಾಸ್ಟರ್ ಪ್ಲಾನ್ ಕರಡು ಬಂದಾಗ ಆಕ್ಷೇಪಣೆ ಕೊಡಲು ಅವಧಿ ಇರುತ್ತದೆ. ಆ ಕರಡಿನಲ್ಲಿ ನಿಮ್ಮ ಕೆರೆ ಅಂಗಳಕ್ಕೆ ಹಳದಿ ಬಣ್ಣ ಬಂದಿದ್ದರೆ, ಅಂದರೆ ವಸತಿ ಅಂತ ಗುರುತಾಗಿದ್ದರೆ, ಆಗಲೇ ಬರೆದು ಕೊಡಬೇಕು. ಪ್ಲಾನ್ ಅಂತಿಮ ಆದ ಮೇಲೆ ಓಡಾಡಿದರೆ ಬಹಳ ಕಷ್ಟ.

ಪಕ್ಕದ ಊರಿನವರನ್ನು ಮರೆಯಬೇಡಿ. ನಿಮ್ಮ ಹಳ್ಳದ ನೆತ್ತಿ ಅವರ ಗಡಿಯಲ್ಲಿ ಇರಬಹುದು. ನಮ್ಮ ಮೇಲಿನ ಊರಿನವರ ಜೊತೆ ಎರಡು ಸಲ ಕೂತೆವು, ಒಂದು ಸಲ ಜಗಳವೂ ಆಯಿತು, ಈಗ ಹಳ್ಳದ ನೆತ್ತಿಯ ಬ್ಯಾಣಕ್ಕೆ ಬೆಂಕಿ ಬೀಳದ ಹಾಗೆ ಇಬ್ಬರೂ ಸೇರಿ ಬೇಸಿಗೆಗೆ ಮುಂಚೆ ಬೆಂಕಿಗೆರೆ ಮಾಡುತ್ತೇವೆ.

ಕಸದ ಘಟಕ ಏನಾಯಿತು ಅಂತ ಹೇಳಲಿಲ್ಲ. ನಡೆದಾಗ ಮುಖ್ಯ ರಸ್ತೆಯ ಪಕ್ಕ ಹಳೆಯ ಪಾಳು ಗೋದಾಮಿನ ಜಾಗ ಸಿಕ್ಕಿತು. ಸಮತಟ್ಟು, ಗಟ್ಟಿ ನೆಲ, ಕೆಳಗೆ ಬಾವಿ ಇಲ್ಲ, ಕಸದ ಗಾಡಿಗೆ ಏರು ಹತ್ತುವ ಕೆಲಸವೂ ಇಲ್ಲ. ಗ್ರಾಮ ಸಭೆಯ ಹೊಸ ತೀರ್ಮಾನದ ಪ್ರತಿ ಹಿಡಿದು ನಾಲ್ಕು ಸಲ ಓಡಾಡಬೇಕಾಯಿತು, ಆದರೆ ಜಾಗ ಬದಲಾಯಿತು. ನಕ್ಷೆಯನ್ನು ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದೇವೆ. ಪ್ರತಿ ವರ್ಷ ಯುಗಾದಿ ಆದ ಮೇಲಿನ ಭಾನುವಾರ ಮತ್ತೆ ನಡೆಯುತ್ತೇವೆ, ಬದಲಾದದ್ದನ್ನು ತಿದ್ದುತ್ತೇವೆ. ಈ ಸಲ ಆ ಅಬ್ಬಿಯ ಹತ್ತಿರ ಕೊಡ ಇಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ ಅಳೆದು ಬರೆದಿಟ್ಟೆವು. ಮುಂದಿನ ವರ್ಷ ಅದೇ ಕೊಡ, ಅದೇ ವಾರ.